ಫೋಕಸ್ಸಿಗೆ ಸಿಗದ ತಂಗಿ

ಗರ್ ಎಂದಿತು, ಮತ್ತೆ ಗರ್, ಮುಂದಕ್ಕೆ ಹೋಗಿ ಹಿಂದಕ್ಕೆ ಬಂದು ಮತ್ತೆ ಮುಂದಕ್ಕೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಬೆಕ್ಕಿನ ಹಾಗೆ — ಬೇಡ, ಇವತ್ತೊಂದು ದಿನ ಬೇಡ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ, ಲೆನ್ಸಿಗೆ ತಾಯಿ ಅನ್ನುತ್ತಿದ್ದೇನೆ, ಕಾಲೇ ಇಲ್ಲದ ಲೆನ್ಸಿನ ಕಾಲಿಗೆ ಬೀಳುತ್ತಿದ್ದೇನೆ, ಪಕ್ಕದ ಟಿವಿ ಕ್ಯಾಮೆರಾದವನಿಗೆ ಕೇಳಿಸಿತೇನೋ, ಕೇಳಿಸಲಿ. ಕ್ಯಾಮೆರಾದ ಕಿಂಡಿಯೊಳಗೆ ಈಜುಕೊಳ ನೀಲಿ ಗಂಜಿಯಾಗಿ ಕಲಸಿಹೋಗಿದೆ, ಎದುರಿನ ಗ್ಯಾಲರಿಯ ಜನ ಬರೀ ಬಣ್ಣದ ಚುಕ್ಕಿ, ಮೇಲೆ ಹತ್ತು ಮೀಟರಿನ ಕಟ್ಟೆ ಎಲ್ಲಿ ಮುಗಿದು ಗಾಳಿ ಎಲ್ಲಿ ಶುರುವಾಗುತ್ತದೋ ತಿಳಿಯುತ್ತಿಲ್ಲ, ಈ ಹುಡುಗಿ ಹಾರಿದಳು, ಇನ್ನೊಬ್ಬಳು ಹಾರುತ್ತಾಳೆ, ಆಮೇಲೆ ನನ್ನ ತಂಗಿ. ಆರಿಸಿ ಮತ್ತೆ ಹಚ್ಚಿದೆ. ಗರ್. ಒಂದು ಕ್ಷಣ ಎಲ್ಲ ಚೂಪಾಗಿ ಕಾಣಿಸಿತು, ಆಹಾ ಅನ್ನುವಷ್ಟರಲ್ಲಿ ಜಾರಿಹೋಯಿತು. ಲೆನ್ಸಿನೊಳಗೆ ಫೋಕಸ್ ಹುಡುಕುವ ಈ ಮೋಟರು ಹಾಕಿಸಿ ಎಷ್ಟು ದಿನವಾಯಿತು ಅಂತ ಲೆಕ್ಕ ಹಾಕುವುದನ್ನೂ ಬಿಟ್ಟಿದ್ದೇನೆ, ಚಪ್ಪಲಿ ಅಂಗಡಿಯ ಮೇಲಿನ ಆ ಮೆಟ್ಟಿಲು ನನ್ನ ಮೊಣಕಾಲಿಗೆ ಬಾಯಿಪಾಠವಾಗಿದೆ, ಮೇಲೆ ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಕ್ಯಾಮೆರಾ ರಿಪೇರಿಯ ಸ್ಕ್ರೂ ಆಂಟಿ, ಮಾತ್ರೆ ಡಬ್ಬಿಗಳಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂಗಳು, ಉಸಿರು ಬಿಟ್ಟರೆ ಹಾರಿಹೋಗುತ್ತವೆಂದು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಮಾತಾಡುತ್ತಾರೆ, ಮತ್ತೆ ಬಂತಾ ಇದು, ನಮ್ಮಂಗಡಿನೇ ಇದಕ್ಕೆ ತವರುಮನೆ ಆಗೋಯ್ತಲ್ಲಮ್ಮಾ. ತಮಾಷೆ ಬೇಡ ಆಂಟಿ, ಏನಾಗಿದೆ ಹೇಳಿ. ಏನಾಗತ್ತೆ, ಮೋಟರ್ ಸತ್ತಿದೆ. ಮೊನ್ನೆ ತಾನೇ ಹೊಸದು ಹಾಕಿದ್ರಲ್ಲ. ಹಾಕಿದ್ದೆ, ಅದೂ ಸತ್ತಿದೆ. ಮೊದಲು ಕೊಳದ ಹಬೆಯನ್ನು ಬೈದರು, ಆಮೇಲೆ ಬಿಡಿಭಾಗ ಮಾರುವವನನ್ನು ಬೈದರು, ಒಮ್ಮೆ ಕಂಪನಿಯ ಸರ್ವಿಸ್ ಸೆಂಟರಿಗೇ ಕಳಿಸಿದೆವು, ಅಲ್ಲಿ ಟೈ ಕಟ್ಟಿದವನು ಇನ್ನು ನೀವು ನಿಶ್ಚಿಂತೆಯಾಗಿರಿ ಮೇಡಂ ಅಂದ, ಅದೂ ಹೋಯಿತು, ಕೊನೆಗೆ ಬೈಯಲು ಯಾರೂ ಉಳಿಯದೆ ಆಂಟಿ ನನ್ನನ್ನೇ ನೋಡಿದರು, ಎಲ್ಲರ ಲೆನ್ಸೂ ನನ್ ಹತ್ರ ಬರತ್ತೆ ಕಣೆ, ಬಿದ್ದು ಬರತ್ತೆ, ಒದ್ದೆಯಾಗಿ ಬರತ್ತೆ, ನಿಂದು ಮಾತ್ರ ಸುಟ್ಟು ಬರತ್ತೆ, ಏನ್ ಮಾಡ್ತೀಯ ಇದನ್ನ. ಏನ್ ಮಾಡ್ತೀನಿ, ಎಲ್ಲರ ಹಾಗೆ ಪತ್ರಿಕೆಗೆ ಫೋಟೊ ತೆಗೀತೀನಿ.

ನೀರು ಚಟೀರ್ ಎಂದಿತು — ತಂಗಿಗಿಂತ ಮುಂಚಿನ ಹುಡುಗಿ ಸರಿಯಾಗಿ ಇಳಿಯಲಿಲ್ಲ, ಕಾಲು ಬಡಿಯಿತು, ಅಷ್ಟೆ, ತಲೆ ಮೇಲೆ ಬಂತು, ನಗುತ್ತಿದ್ದಾಳೆ, ಏನೂ ಆಗಿಲ್ಲ. ಅವತ್ತು ತಂಗಿ ಈ ಕಟ್ಟೆಯಿಂದ ಬೆನ್ನಡಿಯಾಗಿ ಬಿದ್ದಾಗ ಬಂದದ್ದು ಇದೇ ಸದ್ದು, ಇದರಪ್ಪನಂಥದ್ದು, ನೀರು ಮೆತ್ತಗಿರುತ್ತದೆ ಅಂದವರು ಯಾರು, ಅಷ್ಟು ಮೇಲಿಂದ ಬಿದ್ದವರಿಗೆ ಅದು ಸಿಮೆಂಟು, ಕೆಮ್ಮಿದಾಗ ಟವೆಲ್ಲಿನ ಮೇಲೆ ಕೆಂಪು, ಬೆನ್ನು ಭುಜದಿಂದ ಸೊಂಟದವರೆಗೆ ನೇರಳೆ ಬಣ್ಣ, ಅಮ್ಮ ಅದಕ್ಕೆ ಎಣ್ಣೆ ಹಚ್ಚುತ್ತಾ ಬಾಯಿ ಬಿಗಿಹಿಡಿದುಕೊಂಡಿದ್ದಳು, ಆಮೇಲೆ ಅಡುಗೆಮನೆಗೆ ಬಂದು ನನ್ನ ಮೇಲೆ ಹರಿಹಾಯ್ದಳು, ದೊಡ್ಡೋಳು ನೀನು, ನಿನ್ ಮಾತು ಕೇಳ್ತಾಳೆ, ಸಾಕು ಅಂತ ಹೇಳು. ಹೇಳಲಿಲ್ಲ. ಹೇಗೆ ಹೇಳಲಿ, ಅವಳು ಹಾಸಿಗೆಯಲ್ಲಿ ಬೋರಲು ಮಲಗಿಕೊಂಡೇ ಕೋಚ್ ಸಾರಿಗೆ ಫೋನ್ ಮಾಡಿ ಯಾವಾಗ ಬರಲಿ ಅನ್ನುತ್ತಿದ್ದಳು, ಹೇಗಿದೀಯೇ ಅಂದರೆ ಚೆನ್ನಾಗಿದೀನಿ, ನೋವಿದೆಯಾ ಅಂದರೆ ಚೆನ್ನಾಗಿದೀನಿ, ಇವತ್ತು ಬೆಳಿಗ್ಗೆ ಬಚ್ಚಲಿನಲ್ಲಿ ವಾಂತಿಯ ಸದ್ದಾಯಿತು, ಬಾಗಿಲು ತಟ್ಟಿದೆ, ಏನಾಯ್ತೇ, ನಲ್ಲಿ ಜೋರಾಗಿ ಬಿಟ್ಟು ಒಳಗಿಂದ, ಚೆನ್ನಾಗಿದೀನಕ್ಕಾ, ಹಲ್ಲುಜ್ತಿದೀನಿ. ನಾನು ನಂಬಿದೆ. ನಂಬಿದೆನೋ, ನಂಬುವುದು ಸಲೀಸಾಗಿತ್ತೋ.

ಅವಳು ಏಣಿ ಹತ್ತುತ್ತಿದ್ದಾಳೆ. ಹಸಿರು ಈಜುಡುಗೆಯ ಚುಕ್ಕಿ, ಮೆಟ್ಟಿಲಿನಿಂದ ಮೆಟ್ಟಿಲಿಗೆ, ಗರ್ ಗರ್ ಗರ್, ಹಿಡಿ, ಅವಳನ್ನು ಹಿಡಿ, ಮೊದಲ ಅಟ್ಟ ದಾಟಿದಳು, ಹಿಡಿ ಅಂದೆನಲ್ಲ — ಆಗ ಕಡ್ಡಿ ಮುರಿದ ಹಾಗೆ ಟಿಕ್ ಎಂದಿತು, ಆಮೇಲೆ ಏನೂ ಇಲ್ಲ. ಸತ್ತಿತು. ಲೆನ್ಸು ಸತ್ತರೂ ಕ್ಯಾಮೆರಾದ ಗುಂಡಿಯ ಮೇಲೆ ನನ್ನ ಬೆರಳು ಮಾತ್ರ ಒತ್ತಿಕೊಂಡೇ ಇದೆ, ಉಗುರು ಬೆಳ್ಳಗಾಗಿದೆ, ಗೆಣ್ಣು ನೋಯುತ್ತಿದೆ. ಅರ್ಧ ಒತ್ತಿದರೆ ಮೋಟರು ತಿರುಗುತ್ತಲೇ ಫೋಕಸ್ ಹುಡುಕುತ್ತದೆ, ಬಿಟ್ಟರೆ ಸುಮ್ಮನಾಗುತ್ತದೆ, ಕ್ಯಾಮೆರಾ ಹಿಡಿದ ಮೊದಲ ದಿನದ ಪಾಠ, ನಾನು ಬಿಡುವುದೇ ಇಲ್ಲ, ಅವಳು ಬಿದ್ದ ಮೇಲೆ ಬಿಟ್ಟೇ ಇಲ್ಲ, ಅಭ್ಯಾಸಕ್ಕೂ ಬಂದು ನಿಲ್ಲುತ್ತೇನೆ, ಪತ್ರಿಕೆಗೆ ಒಂದೂ ಫೋಟೊ ಬೇಕಿರುವುದಿಲ್ಲ, ಅವಳು ಮೊದಲ ಮೆಟ್ಟಿಲಿಗೆ ಕಾಲಿಟ್ಟಲ್ಲಿಂದ ನೀರಿನಿಂದ ತಲೆ ಎತ್ತುವವರೆಗೆ ಒತ್ತಿ ಹಿಡಿದಿರುತ್ತೇನೆ, ಬಿಟ್ಟರೆ ಬಿದ್ದುಬಿಡುತ್ತಾಳೇನೋ ಅನ್ನುವ ಹಾಗೆ. ಅಯ್ಯೋ ಆಂಟಿ, ಸುಟ್ಟಿದ್ದು ನಾನೇ. ಟಿವಿಯವನು ಬಗ್ಗಿದ, ಏನ್ ಮೇಡಂ, ಕೈಕೊಡ್ತಾ. ಕೊಡ್ತು. ಲೆನ್ಸಿನ ರಿಂಗ್ ತಿರುಗಿಸ್ರಿ, ಕೈಯಲ್ಲೇ ತಿರುಗಿಸ್ರಿ. ಹೌದಲ್ಲ, ಕೈಯಿದೆಯಲ್ಲ.

ತಿರುಗಿಸಿದೆ. ನಿಧಾನಕ್ಕೆ, ಕಬ್ಬಿಣದ ಕಂಬಿ ಬಂತು, ಕಂಬಿ ಹೋಯಿತು, ಕಟ್ಟೆಯ ಅಂಚು ಬಂತು, ಅಂಚಿನಲ್ಲಿ ಅವಳ ಕಾಲು. ನಿಂತಿದ್ದಾಳೆ. ಕಾಲಿನ ಬೆರಳುಗಳು ಅಂಚನ್ನು ಕಚ್ಚಿ ಹಿಡಿದಿವೆ, ಒಂದೊಂದೂ ಮಡಿಚಿಕೊಂಡು, ರಕ್ತವೆಲ್ಲ ಹಿಂದಕ್ಕೆ ಸರಿದು ಮೇಣದಂತೆ ಬೆಳ್ಳಗೆ, ಹಾರುವವರ ಬೆರಳು ಹೀಗಿರುವುದಿಲ್ಲ, ನೂರಾರು ಜನ ಹಾರಿದ್ದನ್ನು ತೆಗೆದಿದ್ದೇನೆ, ಅವರ ಬೆರಳು ಚಾಚಿರುತ್ತವೆ, ಇವು ಮಗು ಸೆರಗು ಹಿಡಿದ ಹಾಗೆ ಹಿಡಿದಿವೆ. ಯಾವಾಗ ಒತ್ತಿದೆನೋ, ಕ್ಲಿಕ್ ಎಂದಿತು. ಸೀಟಿ ಊದಿದರು. ಅವಳು ಕೈ ಎತ್ತಿದಳು, ಇಳಿಸಿದಳು. ಮೈಕಿನವರು ಅವಳ ಹೆಸರನ್ನು ಇನ್ನೊಮ್ಮೆ ಕರೆದರು, ಗ್ಯಾಲರಿಯಲ್ಲಿ ಗುಸುಗುಸು, ಕೋಚ್ ಸಾರ್ ಬಾಯಿಯ ಸುತ್ತ ಕೈ ಹಿಡಿದು ಕೂಗುತ್ತಿದ್ದಾರೆ, ಹಾರಮ್ಮಾ, ಏನೂ ಆಗಲ್ಲ, ನನ್ನ ಬಾಯಿಂದ ಬಂದದ್ದು ಏನೆಂದು ನನಗೇ ಗೊತ್ತಾದದ್ದು ಅದು ಗೋಡೆಗೆ ಬಡಿದು ವಾಪಸ್ ಬಂದಾಗ, ಇಳಿದ್ ಬಾರೇ, ಅಷ್ಟು ದೊಡ್ಡ ದನಿ ನನಗಿದೆಯೆಂದೂ ಗೊತ್ತಿರಲಿಲ್ಲ, ಇಡೀ ಕೊಳ ನನ್ನತ್ತ ತಿರುಗಿತು, ಪತ್ರಿಕೆಯವಳು ಕೂಗಬಾರದು, ಕೂಗಿದೆ. ಅವಳು ಕೆಳಗೆ ನೋಡಿದಳು. ಹಿಮ್ಮೆಟ್ಟಿದಳು. ಏಣಿಯ ಕಂಬಿ ಹಿಡಿದು, ಬೆನ್ನು ಜನರಿಗೆ ಮಾಡಿ, ಒಂದೊಂದೇ ಮೆಟ್ಟಿಲು ಇಳಿದಳು, ಯಾರೋ ಒಬ್ಬರು ಚಪ್ಪಾಳೆ ತಟ್ಟಲು ಶುರುಮಾಡಿ ಜೊತೆ ಸಿಗದೆ ನಿಲ್ಲಿಸಿದರು.

ಆಗಲ್ಲ ಸಾರ್, ಅಂದಳು ಕೋಚ್ ಸಾರಿಗೆ. ಅವರು ಟವೆಲ್ ಹಿಡಿದುಕೊಂಡು ನಿಂತಿದ್ದರು, ಕೊಡಬೇಕೋ ಬೇಡವೋ ತಿಳಿಯದೆ, ಅವಳ ಕೂದಲು ಒಣಗಿಯೇ ಇತ್ತಲ್ಲ. ನಾನು ಬೆಂಚಿನಲ್ಲಿ ಅವಳ ಪಕ್ಕಕ್ಕೆ ಕೂತೆ. ಯಾವಾಗಿಂದ ಹೆದರಿಕೆ. ಬಿದ್ದಾಗ್ಲಿಂದ. ಪ್ರತಿ ಸಲಾನಾ. ಪ್ರತಿ ಸಲ. ಮತ್ತೆ ಚೆನ್ನಾಗಿದೀನಿ ಅಂತಿದ್ಯಲ್ಲೇ. ಅಂತಿದ್ದೆ, ನೀನು ಅಷ್ಟಕ್ಕೇ ಸುಮ್ನಾಗ್ತಿದ್ದೆ. ಫೋನ್ ಬಂತು, ಸಂಪಾದಕರು, ಆ ಹುಡುಗಿ ಇಳಿದು ಬಂದ್ಲಂತಲ್ಲ, ಮುಖ ಸಿಕ್ತಾ, ಇಲ್ಲ ಸಾರ್, ಲೆನ್ಸ್ ಹೋಯ್ತು, ಮತ್ತೆ ಲೆನ್ಸಾ, ಹೂಂ ಸಾರ್, ಹಾಗಾದ್ರೆ ಏನ್ ಸಿಕ್ಕಿದೆ, ಕಾಲು ಸಾರ್, ಕಾಲಾ, ಫೋನ್ ಇಟ್ಟುಬಿಟ್ಟರು. ಆಮೇಲೆ ಅಮ್ಮ. ಹಾರಿದ್ಲಾ. ಇಲ್ಲಮ್ಮ, ಇಳಿದ್ ಬಂದ್ಲು. ಆ ಕಡೆ ಕುಕ್ಕರಿನ ಸದ್ದು, ಆಮೇಲೆ ಅಮ್ಮ ಮೂಗೆಳೆದುಕೊಂಡು, ಊಟಕ್ಕೆ ಇಬ್ರೂ ಬರ್ತೀರಾ.

ಬಸ್ಸು ತಿರುವಿನಲ್ಲಿ ವಾಲಿದಾಗ ತಂಗಿಯ ತಲೆ ನನ್ನ ಭುಜಕ್ಕೆ ತಾಕುತ್ತದೆ, ಮಲಗಿಲ್ಲ, ಕ್ಯಾಮೆರಾವನ್ನು ನನ್ನ ತೊಡೆಯಿಂದ ಎತ್ತಿಕೊಂಡು ಹಿಂದಿನ ಪರದೆ ನೋಡುತ್ತಿದ್ದಾಳೆ, ಮಸುಕು, ಮಸುಕು, ಮಸುಕು, ಬೆರಳಿನಿಂದ ಸರಿಸುತ್ತಾಳೆ, ನಿಲ್ಲುತ್ತಾಳೆ. ದೊಡ್ಡದು ಮಾಡಿದಳು. ನನ್ ಕಾಲಾ ಇದು. ಹೂಂ. ನಾನ್ ಹೀಗ್ ಹಿಡ್ಕೊಂಡಿದ್ನಾ. ಹೂಂ. ಇನ್ನೇನೋ ಕೇಳಬೇಕೆಂದುಕೊಳ್ಳುತ್ತೇನೆ, ಮುಂದಿನ ವಾರ ಏನು ಮಾಡುತ್ತೀಯ, ಕೋಚ್ ಸಾರಿಗೆ ಏನು ಹೇಳುತ್ತೀಯ, ಮೂರು ಮೀಟರಿನ ಹಲಗೆ ಸಾಕೇ, ಅಥವಾ ಅದೂ ಬೇಡವೇ, ಕಿಟಕಿಯಾಚೆ ಹೂವಿನಂಗಡಿ, ಸೈಕಲ್ ರಿಪೇರಿ, ಬ್ಯಾಂಕು, ಯಾವುದೂ ನಿಲ್ಲದೆ ಹಿಂದಕ್ಕೆ ಓಡುತ್ತಿವೆ, ಮಾತೂ ಓಡುತ್ತಿದೆ, ಒಂದನ್ನೂ ಹಿಡಿಯಲಾಗುತ್ತಿಲ್ಲ, ಕಣ್ಣು ಮುಚ್ಚಿದರೆ ಕಟ್ಟೆಯ ಅಂಚು, ತೆರೆದರೆ ಅವಳ ಕೈಯಲ್ಲಿನ ಪರದೆ, ಅಲ್ಲೂ ಅದೇ, ಅಂಚು, ಅಂಚಿನ ಮೇಲೆ ಬೆರಳುಗಳು, ಬೆಳ್ಳಗೆ, ಮಡಿಚಿಕೊಂಡು, ಗುಂಡಿ ಬಿಡದ ನನ್ನ ಬೆರಳಿನ ಹಾಗೆಯೇ ಕಚ್ಚಿ ಹಿಡಿದು — ಆ ಬೆರಳುಗಳು —