ನನ್ನ ಬದಲಿಗೆ ಡೆಸ್ಮಂಡ್

ನಮ್ಮ ಎಂ.ಪಿ. ಫೆನ್ವಿಕ್ ಮೇಡಂ ಶನಿವಾರ ಸ್ಟಾಕ್‌ಪೋರ್ಟ್ ಊರಿನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು ಜನರ ದೂರು ಕೇಳುತ್ತಾರೆ. ಅವತ್ತು ನಾವು ಗುತ್ತಿಗೆ ಕೆಲಸದವರೆಲ್ಲ ಬೋರ್ಡು ಹಿಡಿದುಕೊಂಡು ಒಳಗೆ ನುಗ್ಗಿದೆವು. ಕೋಪ ಬರದೆ ಇರುತ್ತದೆಯೇ? ಸ್ವಂತ ಕಂಪನಿ ಕಟ್ಟಿಕೊಂಡು ಕೆಲಸ ಹಿಡಿಯುವ ನಮ್ಮನ್ನು ಏಪ್ರಿಲ್‌ನಿಂದ ನೌಕರರೆಂದು ಎಣಿಸಿ ತೆರಿಗೆ ಹಿಡಿಯುತ್ತಾರಂತೆ. ಹಾಗಾದರೆ ನೌಕರರಿಗಿರುವ ರಜೆ ಕೊಡುತ್ತಾರಾ? ಇಲ್ಲ. ಕಾಯಿಲೆ ಬಿದ್ದರೆ ಸಂಬಳ? ಅದೂ ಇಲ್ಲ. ತೆರಿಗೆಗೆ ಮಾತ್ರ ಒಳಗಿನವರು, ಮಿಕ್ಕಿದ್ದಕ್ಕೆಲ್ಲ ಹೊರಗಿನವರು. ಯಾವ ಸೀಮೆ ನ್ಯಾಯ ಇದು?

"ನಾವು ನೌಕರರಲ್ಲ ಮೇಡಂ," ಅಂದೆ. ನಮ್ಮ ಗುಂಪಿಗೆ ನಾನೇ ಬಾಯಿ. "ನೌಕರ ಆದೋನು ತಾನೇ ಬಂದು ಕೆಲಸ ಮಾಡ್ಬೇಕು. ನಮ್ಮ ಕರಾರಲ್ಲಿ, ಬೇಕಾದ್ರೆ ನಮ್ಮ ಬದಲಿಗೆ ಇನ್ನೊಬ್ಬರನ್ನ ಕಳಿಸಬಹುದು ಅಂತಿದೆ."

ಫೆನ್ವಿಕ್ ಮೇಡಂ ಟೀ ಲೋಟ ಕೆಳಗಿಟ್ಟರು. "ಅದು ಬರೀ ಕಾಗದದ ಮೇಲಿನ ಮಾತು ಅಂತಾರಲ್ಲಮ್ಮ ತೆರಿಗೆಯವರು. ನಿಮ್ಮಲ್ಲಿ ಯಾರಾದ್ರೂ, ಯಾವತ್ತಾದ್ರೂ ಹಾಗೆ ಕಳಿಸಿದ್ದೀರಾ?"

ಒಬ್ಬರಾದರೂ ಕಳಿಸಿದ್ದರೆ ತಾನೇ! ಯಾಕೆ ಕಳಿಸಿಲ್ಲ ಅಂದರೆ, ಜಂಭ. ನನ್ನ ಕೆಲಸ ನನಗಲ್ಲದೆ ಇನ್ನಾರಿಗೂ ಬರುವುದಿಲ್ಲ ಅಂತ ನಮ್ಮಲ್ಲಿ ಪ್ರತಿಯೊಬ್ಬರಿಗೂ ನಂಬಿಕೆ.

"ಒಂದು ನಿಜವಾದ ಉದಾಹರಣೆ ತನ್ನಿ. ಪಾರ್ಲಿಮೆಂಟಲ್ಲಿ ನಾನೇ ಪ್ರಶ್ನೆ ಎತ್ತುತ್ತೀನಿ. ಇಲ್ಲದೆ ಹೋದ್ರೆ ಅಲ್ಲಿ ನನ್ನನ್ನ ನೋಡಿ ನಗ್ತಾರೆ," ಅಂದರು.

ಹೊರಗೆ ಬಂದಮೇಲೆ ಶುರುವಾಯಿತು ನೆಪಗಳ ಮೆರವಣಿಗೆ. ಒಬ್ಬ ತಾನಿಲ್ಲದಿದ್ದರೆ ಬ್ಯಾಂಕೇ ನಿಂತುಹೋಗುತ್ತದೆ ಅಂದ. ಆಗ ಡೆಸ್ಮಂಡ್ ನನ್ನ ಕಡೆ ತಿರುಗಿದ. ನಾನೂ ಅವನೂ ರೈಲ್ವೆ ಸಿಗ್ನಲ್ ನಕ್ಷೆ ಪರೀಕ್ಷಿಸುವವರು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ.

"ಏನ್ ಗ್ಲೆನಿಸ್, ಭಾಷಣ ನಿಂದು, ತ್ಯಾಗ ಬೇರೆಯವರದಾ? ನಿನ್ನ ಬದಲಿಗೆ ನನ್ನನ್ನ ಕಳಿಸು."

"ನಿನ್ನನ್ನಾ? ನಿನ್ನ ಕೈಗೆ ನಕ್ಷೆ ಕೊಟ್ರೆ ಮ್ಯಾಂಚೆಸ್ಟರ್ ರೈಲು ನಮ್ಮನೆ ಅಡುಗೆಮನೆಗೆ ಬಂದು ನಿಲ್ಲುತ್ತೆ!"

"ಬರ್ಲಿ ಬಿಡು, ಟೀ ಕುಡ್ಕೊಂಡು ಹೋಗುತ್ತೆ."

ಎಲ್ಲರೂ ಬಿದ್ದುಬಿದ್ದು ನಕ್ಕರು. ಇನ್ನು ಒಲ್ಲೆ ಅನ್ನಲು ನನಗೆ ದಾರಿಯೇ ಉಳಿಯಲಿಲ್ಲ.

ಮಂಗಳವಾರ ಡೆಸ್ಮಂಡ್‌ನನ್ನು ಕಳಿಸಿದೆ. ನನಗೆ ಕೆಲಸ ಕೊಡುವ ಆಫೀಸಿನ ಮ್ಯಾನೇಜರ್ ಕ್ಲೈವ್ ಮೊದಲು ಗೊಣಗಿದ. ಕರಾರು ತೋರಿಸಿದಮೇಲೆ ಬಾಯಿ ಮುಚ್ಚಿದ. ನಾನು ಮನೆಯಲ್ಲಿ ಕೂತೆ. ಒರೆಸಿದ ಮೇಜನ್ನೇ ಒರೆಸಿದೆ. ನಿಜ ಹೇಳಲಾ? ಡೆಸ್ಮಂಡ್ ಎಲ್ಲಾ ಕೆಡಿಸಿಬಿಟ್ಟ, ಬೇಗ ಬಾ ತಾಯಿ ಅಂತ ಫೋನ್ ಬರಲಿ ಅಂತಲೇ ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಹಾಗೆ ಬಂದರೆ ನಮ್ಮ ಹೋರಾಟ ಮಣ್ಣುಪಾಲು ಅಂತ ಗೊತ್ತಿದ್ದೂ!

ಸಂಜೆ ಕ್ಲೈವ್ ಫೋನ್ ಮಾಡಿದ. "ಭೇಷ್ ಗ್ಲೆನಿಸ್! ನೀವು ನೋಡಿ ಸರಿಯಿದೆ ಅಂದಿದ್ದ ನಕ್ಷೆಯಲ್ಲೇ ಡೆಸ್ಮಂಡ್ ಒಂದು ತಪ್ಪು ಹಿಡಿದ್ರು. ನಾಳೆನೂ ಅವರನ್ನೇ ಕಳಿಸ್ರೀ."

ಆ ರಾತ್ರಿ ಊಟ ಸೇರಲಿಲ್ಲ.

ಮುಂದಿನ ಶನಿವಾರ ಮತ್ತೆ ಲೈಬ್ರರಿಗೆ ಹೋದೆವು. ಕೋಣೆ ಭರ್ತಿ. ಡೆಸ್ಮಂಡ್ ಕೊನೆಯ ಸಾಲಲ್ಲಿ ಕೈಕಟ್ಟಿ ನಿಂತಿದ್ದ. ಫೆನ್ವಿಕ್ ಮೇಡಂ ಪೆನ್ನು ತೆಗೆದರು. "ಬದಲಿಯವರು ಹೋಗಿದ್ರಾ? ಕೆಲಸ ನಡೀತಾ?"

ಸುಮ್ಮನೆ ಹೂಂ ಅಂದುಬಿಡಬಹುದಿತ್ತು. ಆದರೆ ಬರೀ ಹೂಂ ಅಂದರೆ ತೆರಿಗೆಯವರು ನಂಬುವ ಹಾಗಿರಲಿಲ್ಲ, ಏಪ್ರಿಲ್ ಹತ್ತಿರ ಬರುತ್ತಿತ್ತು, ಎಲ್ಲರ ಕಣ್ಣೂ ನನ್ನ ಮೇಲೇ ಇತ್ತು. ಅಂದೆ: "ಹೋಗಿದ್ರು ಮೇಡಂ. ನನಗಿಂತ ಚೆನ್ನಾಗಿ ಮಾಡಿದ್ರು."

"ಇದೇ ನೋಡಿ ನನಗೆ ಬೇಕಿದ್ದದ್ದು! ಬುಧವಾರವೇ ಪ್ರಶ್ನೆ ಕೇಳ್ತೀನಿ," ಅಂತ ಅವರು ಮೇಜು ಕುಟ್ಟಿದರು.

"ಮೇಡಂ, ಹಿಂದೆ ಇರೋರಿಗೆ ಸರಿಯಾಗಿ ಕೇಳಿಸಲಿಲ್ಲ!" ಡೆಸ್ಮಂಡ್ ಕೂಗಿದ. "ಇನ್ನೊಂದ್ಸಲ ಹೇಳಿಸಿ!"

ಅಯ್ಯೋ ಇವನ! ಆದರೆ ನನಗೇ ನಗು ತಡೆಯಲಾಗಲಿಲ್ಲ. ಕುರ್ಚಿಯ ಮೇಲೆ ಹತ್ತಿ ನಿಂತು, ರಸ್ತೆಯವರೆಗೂ ಕೇಳಿಸುವ ಹಾಗೆ ಇನ್ನೊಂದು ಸಲ ಹೇಳಿದೆ.