ಮಣ್ಣು ಕಂಡ ಬೆನ್ನು

ನಾನು ಮಣ್ಣು. ಮುಖ ಸಿಂಡರಿಸಬೇಡಿ, ಚಪ್ಪಲಿಗೆ ಮೆತ್ತಿಕೊಳ್ಳುವ ಬೀದಿ ಮಣ್ಣಲ್ಲ. ಗರಡಿ ಮನೆಯ ಮಟ್ಟಿಯ ಮಣ್ಣು. ಕುಸ್ತಿ ಆಡುವ ಪೈಲ್ವಾನರು ನನ್ನ ಮೇಲೆ ಕಾಲಿಡುವ ಮೊದಲು ಬಗ್ಗಿ, ನನ್ನನ್ನು ಮುಟ್ಟಿ, ಹಣೆಗೆ ಒತ್ತಿಕೊಳ್ಳುತ್ತಾರೆ. ಅಂಥ ಮರ್ಯಾದೆ ಎಷ್ಟು ಜನಕ್ಕುಂಟು ಹೇಳಿ ನೋಡೋಣ.

ನಾನು ಹುಟ್ಟಿದ್ದು ಮೈಸೂರಿನಾಚೆ, ಒಂದು ಕೆಮ್ಮಣ್ಣಿನ ದಿಣ್ಣೆಯಲ್ಲಿ. ಉಸ್ತಾದ್ ಸಿಂಗಪ್ಪ ಎತ್ತಿನ ಗಾಡಿ ಹೊಡೆಸಿಕೊಂಡು ಬಂದ. ನನ್ನಲ್ಲೊಂದು ಚಿಟಿಕೆ ನಾಲಿಗೆ ಮೇಲಿಟ್ಟು ಚಪ್ಪರಿಸಿ, 'ಇದಾಯ್ತದೆ, ತುಂಬ್ರಲಾ' ಅಂದ. ಬೇವಿನಮರದ ಗರಡಿಗೆ ತಂದು ಜರಡಿ ಹಿಡಿದು ಕಲ್ಲು ಕಸವೆಲ್ಲ ತೆಗೆದರು. ಆಮೇಲೆ ಎಳ್ಳೆಣ್ಣೆ, ಮಜ್ಜಿಗೆ, ನಿಂಬೆರಸ, ಬೇವಿನ ಪುಡಿ, ಕರ್ಪೂರ ಹಾಕಿ ತುಳಿದರು. ಅರಿಶಿನವಂತೂ ಮದುವೆ ಹೆಣ್ಣಿಗೂ ಅಷ್ಟು ಹಚ್ಚಿರಲಾರರು. ಕೊನೆಗೆ ಸಿಂಗಪ್ಪ ಅಂಗೈಯಲ್ಲಿ ನನ್ನನ್ನು ಹಿಚುಕಿ ನೋಡಿದ. ಉಂಡೆ ಕಟ್ಟಿದೆ, ಮುಟ್ಟಿದರೆ ಉದುರಿದೆ. ಹಾಗಿರಬೇಕು ಗರಡಿ ಮಣ್ಣು. ಬಿದ್ದವನಿಗೆ ಪೆಟ್ಟಾಗಬಾರದು.

ಕೆಳಗೆ ಬಿದ್ದುಕೊಂಡಿರುವ ನನಗೆ ಜನರ ಗುರುತು ಸಿಗುವುದು ಮುಖದಿಂದಲ್ಲ, ಅಂಗಾಲಿನಿಂದ, ಬೆನ್ನಿನಿಂದ. ಕುಸ್ತಿಯ ಸೋಲು ಗೆಲುವು ತೀರ್ಮಾನವಾಗುವುದೂ ನನ್ನಲ್ಲೇ. ಯಾರ ಬೆನ್ನು ಪೂರಾ ನನಗೆ ತಾಗಿತೋ ಅವನು ಚಿತ್, ಅಂದರೆ ಸೋತ. 'ಮಣ್ಣು ಮುಕ್ಕಿಸಿದ' ಅಂತ ಜನ ಆಡಿಕೊಳ್ಳುತ್ತಾರೆ. ಅದರಲ್ಲಿ ನನ್ನದೇನು ತಪ್ಪೋ ನಾಕಾಣೆ.

ಜವರಾಯಿ ಕುಂಬಾರರ ಮನೆಯವನು. ಅವರಪ್ಪ ಮಡಕೆ ಮಾಡುತ್ತಿದ್ದ, ಹಾಗಾಗಿ ಒಂದು ಲೆಕ್ಕದಲ್ಲಿ ನನ್ನ ನೆಂಟ. ಮೀಸೆ ಮೂಡುವ ವಯಸ್ಸಿನಲ್ಲಿ ಗರಡಿಗೆ ಬಂದು, ದಿನಾ ಬೆಳಗ್ಗೆ ಗುದ್ದಲಿ ಹಿಡಿದು ನನ್ನನ್ನು ಅಗೆದು ಹಸನು ಮಾಡುತ್ತಿದ್ದ. ಕಲಿಯುವಾಗ ಬೇಕಾದಷ್ಟು ಬಿದ್ದ. ಬಲಿತ ಮೇಲೆ ಬೀಳುವುದನ್ನೇ ಬಿಟ್ಟ. ಪಂದ್ಯದ ಮೇಲೆ ಪಂದ್ಯ ಗೆದ್ದ. ಬೆಳ್ಳಿ ಗದೆ ತಂದ, ಪೇಟ ಸುತ್ತಿಸಿಕೊಂಡು ಮೆರವಣಿಗೆಯಲ್ಲಿ ಬಂದ. ಅವನ ಅಂಗಾಲು, ಮಂಡಿ, ಅಂಗೈ ಎಲ್ಲ ನನಗೆ ಗೊತ್ತಿತ್ತು, ಬಲಿತು ಅಗಲವಾದ ಆ ಬೆನ್ನೊಂದನ್ನು ಬಿಟ್ಟು. ನನಗೂ ಹೆಮ್ಮೆಯೇ. ನಮ್ಮ ಹುಡುಗ ಅಲ್ಲವೇ.

ಆದರೆ ಗರಡಿಯ ಎದುರಿಗೆ ಕ್ಷೌರದ ಮುನಿಯಪ್ಪನ ಅಂಗಡಿ. ಅವನ ಕತ್ತರಿಗಿಂತ ನಾಲಿಗೆ ಹರಿತ. ಒಂದು ದಿನ ಜವರಾಯಿ ಸಾಮು ಮುಗಿಸಿ ಬಾಗಿಲಲ್ಲಿ ಬೆವರು ಆರಿಸಿಕೊಳ್ಳುತ್ತಿದ್ದಾಗ ಅಲ್ಲಿಂದ ಮಾತು ತೇಲಿ ಬಂತು.

'ಅವನೇನು ಗೆದ್ದ ಬುಡಪ್ಪ. ಜೋಡಿ ಕಟ್ಟೋದು ಸಿಂಗಪ್ಪ. ಮೆತ್ತಗಿರೋ ಇಡ್ಲಿ ಕೊಟ್ರೆ ನಮ್ಮಜ್ಜಿನೂ ಮುರೀತಾಳೆ.'

ಈ ಜೋಡಿ ಕಟ್ಟುವ ವಿಚಾರ ಹೇಳಬೇಕು. ಹಬ್ಬದ ಕುಸ್ತಿಗೆ ಮುಂಚೆ ಎಲ್ಲ ಗರಡಿಗಳ ಉಸ್ತಾದರೂ ಒಂದು ಕಡೆ ಕೂರುತ್ತಾರೆ. ಪೈಲ್ವಾನರ ಮೈಕಟ್ಟು, ತೂಕ, ವಯಸ್ಸು ನೋಡಿ, ಇವನಿಗೆ ಇವನು ಅಂತ ಜೋಡಿ ಗೊತ್ತು ಮಾಡುತ್ತಾರೆ. ಇಬ್ಬರೂ ಕೈ ಕೊಟ್ಟರೆ ಜೋಡಿ ಆಯಿತು. ಕೊಟ್ಟ ಕೈ ಹಿಂದಕ್ಕಿಲ್ಲ. ಮುನಿಯಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಲ್ಲಿ ಹಿರಿಯನಾಗಿದ್ದ ಸಿಂಗಪ್ಪ ಜವರಾಯಿಗೆ ಯಾವಾಗಲೂ ಒಂದು ಕೈ ಕಮ್ಮಿಯವನನ್ನೇ ಕಟ್ಟುತ್ತಿದ್ದ. ಈದ್ಗಾ ಗರಡಿಯ ಗೌಸ್ ಅಂತ ಒಬ್ಬನಿದ್ದ, ಕಬ್ಬಿಣದಂಥ ಆಸಾಮಿ. ಅವನ ಹೆಸರು ಬಂದಾಗಲೆಲ್ಲ ಸಿಂಗಪ್ಪ ತಲೆ ಅಲ್ಲಾಡಿಸಿಬಿಡುತ್ತಿದ್ದ.

ಜವರಾಯಿ ಒಳಗೆ ಬಂದು ನನ್ನ ಅಂಚಿನಲ್ಲಿ ಕೂತ. ಅಂಗೈಯಲ್ಲಿ ನನ್ನನ್ನು ಎತ್ತಿಕೊಂಡು ಬೆರಳ ಸಂದಿಯಿಂದ ಸುರಿಯುತ್ತ ಕೂತೇ ಇದ್ದ.

'ಉಸ್ತಾದ್ರೇ, ಗೌಸ್‌ಗೂ ನಂಗೂ ಯಾಕೆ ಜೋಡಿ ಕಟ್ಟಲ್ಲ ನೀವು?'

'ತೂಕ ಹೊಂದಕಿಲ್ಲ ಕಣ್ಲಾ.'

'ಹೊಂದ್ತದೆ. ನಾನೇ ಕೇಳ್ಕೊಂಡು ಬಂದಿದ್ದೀನಿ.'

'ಗೆಲ್ತಾ ಇದ್ದೀಯಲ್ಲ ಮಗ, ಇನ್ನೇನು ಬೇಕು ನಿಂಗೆ?'

'ಗೆದ್ದೋನು ನಾನಾ ನೀವಾ ಅಂತ ಗೊತ್ತಾಗ್ಬೇಕು.'

ಸಿಂಗಪ್ಪ ಗುದ್ದಲಿ ಎತ್ತಿಕೊಂಡು, ಆಗಲೇ ಅಗೆದಿದ್ದ ನನ್ನನ್ನು ಮತ್ತೆ ಅಗೆಯತೊಡಗಿದ. ಅವನ ಸಂಕಟ ನನಗೆ ಗೊತ್ತು. ಯಾರೂ ಇಲ್ಲದಾಗ ನನ್ನ ಹತ್ತಿರ ಹೇಳಿಕೊಂಡಿದ್ದ. ಅವನಿಗೆ ನಿಂಗ ಅಂತ ಒಬ್ಬ ತಮ್ಮನಿದ್ದ, ಪೈಲ್ವಾನನೇ. ತಮ್ಮನ ಮೇಲಿನ ಅಭಿಮಾನಕ್ಕೆ ಸಿಂಗಪ್ಪ ತಾನೇ ಮುಂದೆ ನಿಂತು ಒಬ್ಬ ಬಲಶಾಲಿಯ ಜೊತೆ ಜೋಡಿ ಕಟ್ಟಿಸಿದ. ನಿಂಗ ಬಿದ್ದ ರಭಸಕ್ಕೆ ಕತ್ತು ಮುರಿಯಿತು. ಹಾಸಿಗೆ ಹಿಡಿದವನು ಏಳಲೇ ಇಲ್ಲ. ಅವತ್ತಿನಿಂದ ಸಿಂಗಪ್ಪನಿಗೆ ತನ್ನ ಹುಡುಗರು ಬೀಳುವುದೆಂದರೆ ಜೀವ ಹೋದಂತೆ. ಜವರಾಯಿಯ ಬೆನ್ನನ್ನು ಅವನು ಕಾಯ್ದದ್ದು ಹೆಸರಿಗಲ್ಲ, ಭಯಕ್ಕೆ. ಪಾಪ, ಅದನ್ನು ಬಾಯಿ ಬಿಟ್ಟು ಹೇಳಲು ಅವನಿಗೆ ಬರುತ್ತಿರಲಿಲ್ಲ.

ಆ ವರ್ಷದ ಜೋಡಿ ಕಟ್ಟುವ ದಿನ ನಾನಲ್ಲಿರಲಿಲ್ಲ. ವಾಪಸು ಬಂದ ಹುಡುಗರು ನನ್ನ ಮೇಲೆ ಕೂತು ಆಡಿಕೊಂಡಿದ್ದನ್ನು ಕೇಳಿದೆ. ಗೌಸನ ಹೆಸರು ಬಂದಿದೆ, ಸಿಂಗಪ್ಪ ಎಂದಿನಂತೆ ತಲೆ ಅಲ್ಲಾಡಿಸಿದ್ದಾನೆ. ಜವರಾಯಿ ಎದ್ದು, ಅಷ್ಟು ಜನರ ನಡುವೆ ನಡೆದು ಹೋಗಿ, ಗೌಸನ ಮುಂದೆ ಕೈ ಚಾಚಿದ್ದಾನೆ. ಗೌಸ್ ಒಂದು ಗಳಿಗೆ ಸಿಂಗಪ್ಪನ ಮುಖ ನೋಡಿ ಆಮೇಲೆ ಕೈ ಕೊಟ್ಟಿದ್ದಾನೆ.

ಅಂದಿನಿಂದ ಸಿಂಗಪ್ಪ ಶಿಷ್ಯನ ಹತ್ತಿರ ಮಾತು ಬಿಟ್ಟ. ಆದರೆ ಬಾದಾಮಿ ಅರೆದು ಹಾಲಿಗೆ ಬೆರೆಸಿ ಇಡುವುದನ್ನು ಬಿಡಲಿಲ್ಲ. ಜವರಾಯಿ ಅದನ್ನು ಕುಡಿದು, ಲೋಟ ತೊಳೆದು, ಅದೇ ಜಾಗದಲ್ಲಿ ಬೋರಲು ಹಾಕುತ್ತಿದ್ದ. ಇಬ್ಬರ ನಡುವೆ ಆ ಲೋಟವೇ ಮಾತಾಡುತ್ತಿತ್ತು.

ನಮ್ಮ ಕಡೆ ಒಂದು ರೂಢಿ. ಹಬ್ಬದ ಕುಸ್ತಿ ನಡೆಯುವ ಕಣಕ್ಕೆ ಒಂದೊಂದು ಗರಡಿಯಿಂದಲೂ ಒಂದೊಂದು ಬುಟ್ಟಿ ಮಣ್ಣು ಹೋಗಬೇಕು. ಹಾಗೆ ನಾನೂ ಹೋದೆ. ಹೋದದ್ದು ಬುಟ್ಟಿಯಷ್ಟೇ ಆದರೂ ಹೋದದ್ದು ನಾನೇ. ಮಣ್ಣಿಗೆ ಅಲ್ಲಿ ಇಲ್ಲಿ ಎಂಬುದಿಲ್ಲ. ಜನವೋ ಜನ. ಮುನಿಯಪ್ಪನೂ ಅಂಗಡಿ ಮುಚ್ಚಿಕೊಂಡು ಬಂದು, 'ಎಲೆಅಡಿಕೆ ಹಾಕ್ಕಳೋದ್ರೊಳ್ಗೆ ಮುಗೀತದೆ ನೋಡಿ' ಅನ್ನುತ್ತಿದ್ದ.

ಎಲೆಅಡಿಕೆ ಹಾಕಿಕೊಂಡರು, ಉಗಿದರು, ಮತ್ತೆ ಹಾಕಿಕೊಂಡರು. ಕುಸ್ತಿ ಮುಗಿಯಲಿಲ್ಲ. ಗೌಸ್ ಹಾಕಿದ ಪಟ್ಟಿಗೆಲ್ಲ ಜವರಾಯಿ ಎದುರು ಪಟ್ಟು ಹಾಕಿದ. ಎರಡು ಸಲ ಗೌಸನ ಒಂದು ಭುಜ ನನಗೆ ತಾಗಿ ಹೋಯಿತು. ಕೂತಿದ್ದ ಜನ ಎದ್ದು ನಿಂತರು. ಗೌಸನ ಬೆವರು ನನ್ನ ಮೇಲೆ ತೊಟ್ಟಿಕ್ಕುತ್ತಿತ್ತು, ಅವನ ಕಾಲು ಹುಷಾರಾಗಿ ಊರುತ್ತಿತ್ತು. ಮೆತ್ತಗಿನವರನ್ನು ಬೀಳಿಸಿ ಬೀಳಿಸಿ ಬಂದವನ ಹಿಡಿತವಲ್ಲ ಇದು ಅಂತ ಅವನಿಗೆ ಅರ್ಥವಾಗಿತ್ತು.

ಹೊತ್ತು ಇಳಿಯುವಾಗ ಗೌಸ್ ಅವನನ್ನು ತನ್ನ ಅಡಿಗೆ ಹಾಕಿಕೊಂಡ. ಅಲ್ಲಿ ಜವರಾಯಿ ತಡಬಡಿಸಿದ. ವರ್ಷಗಟ್ಟಲೆ ಯಾರೂ ಅವನನ್ನು ಕೆಳಗೆ ಹಾಕಿರಲಿಲ್ಲ. ಕೆಳಗಿನಿಂದ ಹೊರಳುವ ದಾರಿ ಮೈಗೆ ಮರೆತು ಹೋಗಿತ್ತು. ಬೆನ್ನು ತಾಗದಂತೆ ತಲೆಯನ್ನು ನನ್ನೊಳಗೆ ಊರಿ, ಕತ್ತಿನ ಮೇಲೇ ಇಡೀ ಮೈ ಎತ್ತಿ ನಿಂತ. ಮೇಲೆ ಗೌಸನ ಭಾರ. ಆ ಕತ್ತು ಗಡಗಡ ನಡುಗುವುದು ನನಗೆ ತಿಳಿಯುತ್ತಿತ್ತು.

ಆಗ ಸಿಂಗಪ್ಪನ ದನಿ ಕೇಳಿತು. ಅಷ್ಟು ದಿನ ಬಿಟ್ಟಿದ್ದ ಮಾತು. 'ಬುಡ್ಲಾ ಮಗ. ಬೆನ್ನು ಕೊಟ್ಬುಡು. ಸಾಕು ಕಣೋ.'

ಜವರಾಯಿ ಕೊಡಲಿಲ್ಲ. ನಾನು ಸುಳ್ಳು ಹೇಳುವುದಿಲ್ಲ, ಅವನು ಬಿಟ್ಟುಕೊಟ್ಟದ್ದಲ್ಲ. ಕತ್ತಿನಲ್ಲಿ ಇದ್ದ ಬಲವೆಲ್ಲ ತೀರಿತು, ಗೌಸ್ ಗೆದ್ದ. ಆ ಅಗಲವಾದ ಬೆನ್ನು ಮೆಲ್ಲಗೆ ನನ್ನ ಮೇಲೆ ಇಳಿಯಿತು. ಬೆಚ್ಚಗಿತ್ತು. ಒಳಗೆ ಎದೆ ಹೊಡೆದುಕೊಳ್ಳುವುದು ಕೇಳುತ್ತಿತ್ತು. ಪೆಟ್ಟಾಗದಂತೆ ಹಿಡಿದುಕೊಂಡೆ, ಅದಕ್ಕೇ ತಾನೇ ನನ್ನನ್ನು ಹದ ಮಾಡಿದ್ದು.

ಗೌಸ್ ಕೈ ಕೊಟ್ಟು ಎಬ್ಬಿಸಿದ. ಅವನಿಗಿನ್ನೂ ಉಸಿರು ಸಿಕ್ಕಿರಲಿಲ್ಲ. 'ಇಷ್ಟೊತ್ತು ಯಾರೂ ನನ್ನ ಹಿಡಿದಿರಲಿಲ್ಲ ಜವರಣ್ಣ' ಅಂದು, ಬೆನ್ನಿಗೆ ಮೆತ್ತಿದ್ದ ನನ್ನನ್ನು ಒರೆಸಲು ಬಂದ.

'ಒರೆಸಬೇಡ ಬುಡು. ಉಸ್ತಾದ್ರು ನೋಡ್ಲಿ.'

ಹಾಗೇ ಬೆನ್ನ ತುಂಬ ನನ್ನನ್ನು ಹೊತ್ತುಕೊಂಡು ಸಿಂಗಪ್ಪನ ಮುಂದೆ ಹೋಗಿ ನಿಂತ. ಮುದುಕ ಎರಡೂ ಕೈಯಲ್ಲಿ ಅವನ ಕತ್ತು ಹಿಡಿದು, ಎಲುಬು ಎಲುಬನ್ನೂ ಒತ್ತಿ ನೋಡಿದ. 'ಎಲ್ಲಾದ್ರೂ ನೋಯ್ತದೇನ್ಲಾ? ಸರಿಯಾಗಿ ಹೇಳು.'

'ಬಿದ್ದೆ ಉಸ್ತಾದ್ರೇ. ಎದ್ದೂ ನಿಂತಿದ್ದೀನಿ, ನೋಡಿ.'

ಸಿಂಗಪ್ಪ ಅವನ ಭುಜಕ್ಕೆ ಮುಖ ಒತ್ತಿ ಅತ್ತುಬಿಟ್ಟ. ಆ ಕಣ್ಣೀರೂ ನನ್ನ ಮೇಲೇ ಬಿತ್ತು. ಎಣ್ಣೆ ಮಜ್ಜಿಗೆಗಿಂತ ನನ್ನನ್ನು ಮೆದುವಾಗಿಸಿದ್ದು ಅದೇ.

ಮಾರನೆಯ ದಿನ ಮುನಿಯಪ್ಪ ಗಿರಾಕಿಯ ಗಲ್ಲಕ್ಕೆ ಸೋಪು ಹಚ್ಚುತ್ತ, 'ಪೈಲ್ವಾನನೇ ಬುಡಪ್ಪ. ಇಡ್ಲಿ ತಿನ್ನಿಸಿ ಕೆಡಿಸಿದ್ರು ಅಷ್ಟೇ' ಅಂದ. ಅವನು ಹೇಳಿದ್ದರಲ್ಲಿ ನಾನು ಮನಸಾರೆ ಒಪ್ಪಿದ್ದು ಅದೊಂದೇ ಮಾತು. ಆಮೇಲೆ ಸಿಂಗಪ್ಪನೇ ದಿನಾ ಜವರಾಯಿಯನ್ನು ಕೆಳಗೆ ಹಾಕಿಸಿ, ಹೊರಳಿ ಏಳುವುದನ್ನು ಮತ್ತೆ ಕಲಿಸಿದ. ಗೌಸನ ಜೊತೆ ಎಷ್ಟೋ ಜೋಡಿಗಳಾದವು. ಒಮ್ಮೆ ಇವನು ಗೆದ್ದ, ಒಮ್ಮೆ ಅವನು.

ಈಗ ಸಿಂಗಪ್ಪ ಇಲ್ಲ. ಗರಡಿಗೆ ನೀಲಿ ಮ್ಯಾಟು ಬಂದಿದೆ. ಮುಟ್ಟಿ ಹಣೆಗೆ ಒತ್ತಿಕೊಂಡರೆ ಅದು ಅಂಟುವುದಿಲ್ಲ, ಇರಲಿ, ಕಾಲ ಅಲ್ಲವೇ. ನನ್ನನ್ನು ಎತ್ತಿ ಕಾಂಪೌಂಡಿನ ಮೂಲೆಗೆ ಸುರಿದಿದ್ದರು. ಜವರಾಯಿ ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದು ತನ್ನ ಹಿತ್ತಲ ದಾಳಿಂಬೆ ಗಿಡದ ಬುಡದಲ್ಲಿ ಹಾಸಿದ. ಬೆಳಗಿನ ಎಳೆಬಿಸಿಲಿಗೆ ಅಂಗಿ ಬಿಚ್ಚಿ ನನ್ನ ಮೇಲೆ ಅಂಗಾತ ಮಲಗುತ್ತಾನೆ. ಆ ಬೆನ್ನು ಈಗ ಸುಕ್ಕಾಗಿದೆ, ಒಂದೊಂದು ಗೆರೆಯೂ ನನಗೆ ಗೊತ್ತು. ಎಷ್ಟು ಗೆದ್ದಿದ್ದೀರಿ ಅಂತ ಯಾರಾದರೂ ಕೇಳಿದರೆ ಅವನು ಹೇಳುವುದು ಗೌಸನಿಗೆ ಸೋತ ಆ ಮೊದಲ ಕುಸ್ತಿಯ ಕತೆಯನ್ನೇ.

ಕೆಲವು ದಿನ ಗೌಸ್ ಕೋಲೂರಿಕೊಂಡು ಬರುತ್ತಾನೆ. 'ಏಳ್ತೀಯಾ, ಎಬ್ಬಿಸ್ಲಾ?' ಅಂತ ಕೈ ಚಾಚುತ್ತಾನೆ. ಎಬ್ಬಿಸುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಹೆಗಲ ಮೇಲಿನ ವಸ್ತ್ರ ತೆಗೆದು ಅವನ ಬೆನ್ನು ಒರೆಸಲು ಹೋಗುತ್ತಾನೆ.

'ಒರೆಸಬೇಡ ಬುಡು' ಅನ್ನುತ್ತಾನೆ ಜವರಾಯಿ. ಇಬ್ಬರೂ ಕೈ ಕೈ ಹಿಡಿದುಕೊಂಡು ಕಾಫಿಗೆ ಒಳಗೆ ನಡೆಯುತ್ತಾರೆ. ಅವನ ಬೆನ್ನ ಮೇಲೆ ಕೂತು ನಾನೂ ಹೋಗುತ್ತೇನೆ.