ಚಪ್ಪಲಿ ಕಾಯುವವಳು ನೀರಿಗಿಳಿದದ್ದು

ಕಾಲ್ಬೆರಳ ಸಂದಿಯಲ್ಲಿ ಮರಳು, ಬೆಳ್ಳಗೆ, ಚಿರೋಟಿ ರವೆಯ ಹಾಗೆ, ಇಷ್ಟು ನಯವಾದ ಮರಳು ಗೋಕರ್ಣದಲ್ಲೂ ಇರಲಿಲ್ಲ, ಇದ್ದಿದ್ದರೂ ಅಲ್ಲಿ ನನಗೆ ಚಪ್ಪಲಿ ಕಾಯುವ ಕೆಲಸ ತಾನೆ, ಇವರು ಪ್ಯಾಂಟು ಮಡಚಿಕೊಂಡು ನೀರಿಗೆ ಓಡುತ್ತಾ ಮಂಗಳಾ, ನೀನು ಇಲ್ಲೇ ಕೂತಿರು, ಚಪ್ಪಲಿ ನೋಡ್ಕೊ — ಇವತ್ತು ಇವರಿಲ್ಲ, ಚಪ್ಪಲಿಗಳಿವೆ, ಮಗ ಕೈಲಾಸನದು, ಸೊಸೆ ಸುನಿತಾಳದು, ಮೊಮ್ಮಗಳು ಲಿಖಿತಾಳ ಗುಲಾಬಿ ಬಣ್ಣದ್ದು, ಜೊತೆಗೆ ಎಲ್ಲರ ಫೋನು, ಜೆ.ಪಿ. ನಗರದಿಂದ ಹೊರಟು, ಹಡಗು ಹತ್ತಿ, ಹಡಗಿನಿಂದ ದೋಣಿಗಿಳಿದು ಈ ಲಕ್ಷದ್ವೀಪಕ್ಕೆ ಬಂದದ್ದು ತೆಂಗಿನ ಮರದಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದಕ್ಕೆ, ಸಮುದ್ರದ ನೆಂಟಸ್ತನ ಉಪ್ಪಿಗೆ ಬಡತನ ಎಂದರೆ ಇದೇ. ಬೆಳಿಗ್ಗೆ ಹಡಗಿನ ರೂಮಿನಲ್ಲಿ ಬಾಟಲಿ ನೀರಿನಿಂದಲೇ ಲಿಂಗಪೂಜೆ ಮುಗಿಸಿ, ಲಿಂಗವನ್ನು ಬೆಳ್ಳಿ ಕರಡಿಗೆಯಲ್ಲಿ ಇಟ್ಟು ಕೊರಳಿಗೆ ಹಾಕಿಕೊಳ್ಳುವಾಗ ಸುನಿತಾ, ಅತ್ತೆ, ಅದನ್ನ ಇಲ್ಲೇ ಲಾಕರಲ್ಲಿ ಇಟ್ಬಿಡಿ, ನೀರಲ್ಲಿ ಹೋಗ್ಬಿಟ್ರೆ, ಅವಳ ಹಿಂದೆಯೇ ಕೈಲಾಸ, ಹೌದಮ್ಮ, ಇಡು, ಇಲ್ಲಾಂದ್ರೆ ದಡದಲ್ಲೇ ಕೂತ್ಕೊ — ಎಷ್ಟು ಸಲೀಸಾಗಿ ಹೇಳಿದ, ಇವನನ್ನು ಹೆರುವಾಗ ನರ್ಸಮ್ಮ ಕೊರಳಲ್ಲಿರೋದೆಲ್ಲ ಬಿಚ್ಚಿ ಅಂದಳು, ತಾಳಿ ಬಿಚ್ಚಿ ಕೊಟ್ಟೆ, ಲಿಂಗವನ್ನು ಮಾತ್ರ ತೋಳಿಗೆ ಕಟ್ಟಿಕೊಂಡೆ, ಅದನ್ನು ಕಟ್ಟಿಕೊಂಡೇ ಇವನನ್ನು ಹೆತ್ತೆ. ಲಿಂಗ ಕಳ್ಕೊಂಡ್ರೆ ಜೀವ ಕಳ್ಕೊಂಡ ಹಾಗೆ ಕಣೇ ಎನ್ನುತ್ತಿದ್ದಳು ನಮ್ಮಜ್ಜಿ ಶಿವಬಸಮ್ಮ, ಸರಿ ಅಜ್ಜಿ, ಒಪ್ಪಿದೆ, ಆದರೆ ಲಿಂಗ ಕಟ್ಟಿದವಳು ಮೊಣಕಾಲು ನೆನೆಸಬಾರದು ಅಂತ ಯಾವ ಗುರು ಹೇಳಿದ್ದ, ಗಂಡಸರು ಕಟ್ಟಿಕೊಂಡೇ ಇಳಿಯುತ್ತಿರಲಿಲ್ಲವೇ, ಇವರೂ ಇಳಿಯುತ್ತಿದ್ದರು. ಬಿಚ್ಚುವುದಿಲ್ಲ, ಕೂರುವುದೂ ಇಲ್ಲ.

ಇವರನ್ನು ಕೂರಿಸಿದ್ದು ಹೋದ ವರ್ಷ, ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲವಲ್ಲ, ಗುಣಿಯಲ್ಲಿ ಕೂರಿಸಿ ಎಡಗೈ ಅಂಗೈಯಲ್ಲಿ ಇವರದೇ ಲಿಂಗ ಇಟ್ಟು, ಕೈಲಾಸ ಒಂದೊಂದೇ ಬೆರಳು ಮಡಚಿದ, ಮೇಲೆ ವಿಭೂತಿ, ಪತ್ರೆ, ಮಣ್ಣು, ನಾನು ಕೊನೆಗೆ ನೋಡಿದ್ದು ಮುಖವಲ್ಲ, ಮುಚ್ಚಿದ ಆ ಅಂಗೈ — ನನ್ನನ್ನೂ ಒಂದು ದಿನ ಹಾಗೇ ಕೂರಿಸುತ್ತಾರೆ, ಆಗ ಎಷ್ಟು ಬೇಕಾದರೂ ಕೂತಿರುತ್ತೇನೆ, ಈಗಲೇ ಯಾಕೆ ಕೂರಲಿ. ಫೋನುಗಳ ಮೇಲೆ ಟವಲು ಹಾಕಿದೆ, ಚಪ್ಪಲಿ ಹೋದರೆ ಹೋಗಲಿ, ಗಾಂಧಿ ಬಜಾರಿನಲ್ಲಿ ಬೇಕಾದಷ್ಟು ಸಿಗುತ್ತವೆ, ಎದ್ದೆ, ನಡೆದೆ, ನೀರು ಬೆಚ್ಚಗಿದೆಯಲ್ಲ, ಯಾರೂ ಹೇಳಲೇ ಇಲ್ಲ ಇಷ್ಟು ಬೆಚ್ಚಗಿರುತ್ತದೆ ಅಂತ, ಸೀರೆ ಉಬ್ಬಿ ಮೇಲೆ ಬರುತ್ತಿದೆ, ಬರಲಿ, ಅಜ್ಜಿ ಸಖತ್, ಇನ್ನೂ ಮುಂದೆ ಬಾ, ಇದು ಲಿಖಿತಾ, ಅಮ್ಮ, ಎಲ್ಲಿಗ್ ಬಂದೆ, ಚಪ್ಪಲಿ ಯಾರು ನೋಡ್ಕೊತಾರೆ, ಇದು ಕೈಲಾಸ, ಅವರಪ್ಪನ ಮಗ, ನಗು ಬಂತು, ಅರವತ್ತಕ್ಕೆ ಅರಳುಮರಳು ಅಂದುಕೊಳ್ಳಲಿ, ನನಗೆ ಅರವತ್ತು ದಾಟಿ ಎಷ್ಟೋ ಕಾಲವಾಯಿತು. ಸೊಂಟದವರೆಗೆ ನೀರು, ಸಾಕು, ಕರಡಿಗೆ ತೆರೆದೆ, ಅತ್ತೆ, ಬೇಡ ಅತ್ತೆ, ಸುನಿತಾ ಪಾಪ ನಿಜವಾಗಿ ಹೆದರಿದ್ದಾಳೆ, ನನಗೂ ಹೆದರಿಕೆಯೇ, ಇಲ್ಲ ಅನ್ನುವುದಿಲ್ಲ, ಲಿಂಗವನ್ನು ಎಡಗೈಗೆ ತೆಗೆದುಕೊಂಡೆ, ಬಾಟಲಿ ನೀರು ಹಾಕಿದ್ದಕ್ಕೆ ಇದು ಲೆಕ್ಕ ಚುಕ್ತಾ ಅಂತ ಕೈಯನ್ನು ನೀರಿನ ಮಟ್ಟಕ್ಕೆ ಇಳಿಸಿದೆ, ಅಲೆ ಬರ್ತಿದೆ ಅಮ್ಮ, ಬೆರಳು ಮಡಚು, ಬಿಗಿಯಾಗಿ ಮಡಚು — ಮಡಚುವುದಿಲ್ಲ ಕಣೋ, ನಾನಿರುವವರೆಗೆ ಮಡಚುವುದಿಲ್ಲ, ಆಮೇಲೆ ನೀನೇ ಮಡಚುವೆಯಂತೆ, ಅಲೆ ಬಂತು, ಅಂಗೈ ತುಂಬಿತು, ಇಳಿಯಿತು, ಲಿಂಗ ಇದೆ, ಇನ್ನೊಂದು ಬಂತು, ಇದೆ, ಮುಚ್ಚಿದ ಆ ಅಂಗೈ, ಮಣ್ಣು, ಈ ಅಂಗೈ, ನೀರು, ಇದೆ, ತೆರೆದ ಅಂಗೈ, ತೆರೆದ ಅಂಗೈ —